ಐದನೇ ಜಾಡಿಯಲ್ಲಿ ಏನಿತ್ತು

ನೀವು ಇದನ್ನು ನಂಬುವುದಿಲ್ಲ. ನಂಬಲೇಬೇಕೆಂದು ನಾನೂ ಹಟ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲೇ ಯಾರೂ ನಂಬಿಲ್ಲ, ಇನ್ನು ನೀವೇಕೆ ನಂಬುತ್ತೀರಿ? ಹದಿನೇಳನೇ ವಯಸ್ಸಿಗೆ ನಾನು ಅಣುಶಕ್ತಿಯ ಕೆಲಸದಿಂದ ನಿವೃತ್ತನಾದೆ. ಒಟ್ಟು ಸೇವೆ ಮೂರು ತಿಂಗಳು, ಹನ್ನೊಂದು ದಿನ ಮತ್ತು ಒಂದು ಅರ್ಧ ಮಧ್ಯಾಹ್ನ. ಕೆಲಸದ ಸ್ಥಳ ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಒಂದು ಹಳೇ ಕೋಣೆ. ನನ್ನ ಜಾಗಕ್ಕೆ ಈಗ ಬೆಳವಣಕಿಯಿಂದ ಹೊಸ ಹುಡುಗನೊಬ್ಬ ಬರುತ್ತಾನಂತೆ. ಅವನಿಗೂ ಅವನ ಹಿಂದೆ ಬರುವವರಿಗೂ ಈ ಕೆಲಸ ಒಳಗಿನಿಂದ ಹೇಗಿರುತ್ತದೆ ಎಂದು ಹೇಳಿಡುವುದು ಹಿರಿಯನಾದ ನನ್ನ ಕರ್ತವ್ಯ. ನನಗೆ ಮೀಸೆಯಲ್ಲಿ ಇರುವುದು ನಾಲ್ಕೇ ಕೂದಲು, ನಿಜ. ಆದರೆ ಆ ನಾಲ್ಕೂ ಅನುಭವದಿಂದ ಬಂದವು.

ಕೆಲಸ ಸಿಕ್ಕಿದ್ದು ಹೀಗೆ. ಪೇಟೆಯಲ್ಲಿ ನಮ್ಮದು ಕಾಳಿನ ಅಂಗಡಿ. ಅಪ್ಪ ಗದ್ದಿಗೆಯ ಮೇಲೆ ಕೂರುತ್ತಾರೆ, ನಾನು ಸೇರು ಹಿಡಿದು ಅಳೆಯುತ್ತೇನೆ. ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಸರಕಾರ ಸೇರು ಬಿಡಿ, ಕಿಲೋ ಹಿಡಿಯಿರಿ ಎನ್ನತೊಡಗಿತ್ತು. ಅಪ್ಪ ಸರಕಾರದ ಮಾತು ಕೇಳಿಸದವರಂತೆ ಕೂತಿದ್ದರು. ಒಂದು ದಿನ ಬೆಳಿಗ್ಗೆ ಹಳದಿ ಕಣ್ಣಿನ, ಕೋಲಿನಂಥ ಮನುಷ್ಯರೊಬ್ಬರು ಅಂಗಡಿಯ ಮುಂದೆ ನಿಂತು ನಾನು ಅಳೆಯುವುದನ್ನೇ ಅರ್ಧ ಗಂಟೆ ನೋಡಿದರು. ಇವರು ನರಗುಂದದ ವಿಠ್ಠಲರಾಯರು. ಮುಂಬಯಿಯಲ್ಲಿ ಅಣುಶಕ್ತಿಯ ದೊಡ್ಡ ಕಚೇರಿಯೊಂದರಲ್ಲಿ ವಿಜ್ಞಾನಿ. ಕಾಮಾಲೆ ಹಿಡಿದು, ಹವಾ ಬದಲಾವಣೆಗೆಂದು ನಮ್ಮೂರಿಗೆ ಬಂದಿದ್ದರು. ವೈದ್ಯರು ಸುಮ್ಮನೆ ಮಲಗಿರಿ ಎಂದಿದ್ದರು, ಅದೊಂದು ಅವರಿಂದ ಆಗುತ್ತಿರಲಿಲ್ಲ.

"ಕೈ ಚಲೋ ಅದ ನಿಂದು," ಎಂದರು. "ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ. ನನ್ನ ಕಡೆ ಕೆಲಸಕ್ಕ ಬರ್ತಿಯೇನು?"

"ಎಂಥಾ ಕೆಲಸ್ರಿ?"

"ಪುಡಿ ಅಳಿಯೂದು. ನೀರಾಗ ಹಾಕೂದು. ನೋಡ್ಕೋತ ಕೂಡೂದು."

ಅಪ್ಪ ಎದ್ದು ನಿಂತರು. ಗಿರಾಕಿಗೂ ಎದ್ದು ನಿಲ್ಲದವರು. "ನಮ್ಮ ಬಸ್ಯಾ ಮುಂಜಾನಿಂದ ಸಂಜಿ ತನಾ ಮಾಡೂದು ಅದನ ರಾಯರ. ಅಳಿಯೂದು ನಾ ಕಲಿಸೀನಿ. ನೋಡ್ಕೋತ ಕೂಡೂದು ತಾನ ಕಲತಾನ. ಕರಕೊಂಡು ಹೋಗ್ರಿ."

ಹಾಗೆ ನಾನು ಅಣುಶಕ್ತಿಗೆ ಸೇರಿದೆ.

ಮೊದಲ ದಿನವೇ ತಲೆ ಕೆಟ್ಟಿತು. ಕಿರಿಯರೇ, ಇದನ್ನು ಗಮನವಿಟ್ಟು ಓದಿ. ಅರ್ಥವಾಗದಿದ್ದರೆ ನೀವು ಸರಿಯಾದ ಕೆಲಸಕ್ಕೇ ಬಂದಿದ್ದೀರಿ.

ಕೋಣೆಯಲ್ಲಿ ಐದು ಗಾಜಿನ ಜಾಡಿಗಳು ಸಾಲಾಗಿ ನಿಂತಿದ್ದವು. ನನ್ನ ಎದೆಯ ಮಟ್ಟಕ್ಕೆ ಎತ್ತರ, ತೋಳು ಹೋಗುವಷ್ಟು ಅಗಲ. ಪಕ್ಕದಲ್ಲಿ ಮೇಲಿಂದ ಕೆಳಗೆ ನೀರು ಬಿಡಲು ಸಣ್ಣ ಸಣ್ಣ ತೋಟಿಗಳು. ಮೂಲೆಯಲ್ಲಿ ಒಂದು ಚೀಲ ಬಿಳಿ ಪುಡಿ. ನೋಡಿದರೆ ಜೋಳದ ಹಿಟ್ಟು, ಎತ್ತಿದರೆ ತೋಳು ಕಿತ್ತು ಕೈಗೆ ಬರುತ್ತದೆ. ಅದು ಬೆರೈಟ್ ಎಂಬ ಭಾರದ ಕಲ್ಲಿನ ಪುಡಿ. ರಾಯರು ನನ್ನನ್ನು ಕೂರಿಸಿಕೊಂಡು ಪಾಠ ಶುರುಮಾಡಿದರು.

"ಮುಂಬೈಯಾಗ ಒಂದು ಧಾತು ಅದ ಅಂತ ತಿಳ್ಕೋ. ಅದರ ಕಣ ಒಳಗಿಂದ ಸಣ್ಣ ಸಣ್ಣ ಕಲ್ಲು ಬೀಸ್ತಾವ. ಆ ಕಲ್ಲು ಇನ್ನೊಂದು ಕಣಕ್ಕ ಬಡದ್ರ ಅದೂ ಎರಡು ಮೂರು ಬೀಸ್ತದ."

"ಜಗಳ ಬಿಡಸವ್ರು ಯಾರ್ರಿ?"

"ಕಣ ದೂರ ದೂರ ಇದ್ರ ಕಲ್ಲು ಹೊರಗ ಹೋಗಿ ಬೀಳ್ತಾವ, ಜಗಳ ತಾನ ನಿಲ್ತದ. ಗುಂಪಾದ್ರ ನಿಲ್ಲೂದಿಲ್ಲ."

"ಸಿಡೀತೈತೇನ್ರಿ?" ನಾನು ಆಸೆಯಿಂದ ಕೇಳಿದೆ.

"ಸಿಡಿಯೂದಿಲ್ಲ. ಸಪ್ಪಳನೂ ಇರೂದಿಲ್ಲ. ಒಂದು ಕ್ಷಣ ನೀಲಿ ಬೆಳಕು. ಹತ್ರ ನಿಂತವ ನಡಕೊಂತನ ಮನಿಗೆ ಹೋಗ್ತಾನ. ಆಮ್ಯಾಲೆ ಹಾಸಿಗಿ ಹಿಡೀತಾನ. ಏಳೂದಿಲ್ಲ."

ನನಗೆ ನಗು ನಿಂತಿತು. "ನೀರು ಹಾಕಿ ಆರಸೂದ್ರಿ ಹಂಗಾರ."

"ನೀರು ಹಾಕಿದ್ರ ಇನ್ನೂ ಕೆಡ್ತದ. ನೀರು ಆ ಕಲ್ಲಿನ ಓಟ ನಿಧಾನ ಮಾಡ್ತದ. ನಿಧಾನ ಬಂದ ಕಲ್ಲು ಗುರಿ ತಪ್ಪೂದಿಲ್ಲ."

"ನೀರ ಹಾಕಬಾರದು ಅನ್ರಿ."

"ಭಾಳ ಹಾಕಿದ್ರ ಚಲೋನ. ಕಣ ದೂರ ದೂರ ಆಗ್ತಾವ."

"ಅಂದ್ರ ಸ್ವಲ್ಪ ಹಾಕಿದ್ರ ಕೆಟ್ಟದ್ದು."

"ಭಾಳ ಸ್ವಲ್ಪ ಇದ್ರ ಅಡ್ಡಿಯಿಲ್ಲ. ನಡುವಿಂದು ಕೆಟ್ಟದ್ದು."

ನಾನು ಜಾಡಿಗಳನ್ನು ನೋಡಿದೆ. ಜಾಡಿಗಳು ನನ್ನನ್ನು ನೋಡಿದವು. "ರಾಯರ, ಒಂದ ಮಾತು ಹೇಳ್ರಿ. ಕಲಕೂದು ಚಲೋನೋ, ಬಿಡೂದು ಚಲೋನೋ?"

"ತೆಳ್ಳಗಿದ್ರ ಕಲಕತಾನ ಇರಬೇಕು. ಬಿಟ್ರ ಕೆಳಗ ಹೋಗಿ ಗಟ್ಟಿ ಆಗ್ತದ. ಪೂರಾ ಗಟ್ಟಿಯಾಗಿ ಕುಂತುಬಿಟ್ಟಿದ್ರ ಕಲಕಬಾರದು. ಕಲಕಿದ್ರ ಮತ್ತ ಆ ನಡುವಿಂದಕ್ಕ ಬರ್ತದ."

"ಯಾವಾಗ ಯಾವುದು ಅಂತ ಗೊತ್ತಾಗದಿದ್ರ?"

"ಗೊತ್ತಾಗೂದಿಲ್ಲ ಅಂತನ ತಿಳಕೊಂಡು ಪಾತ್ರಿ ಸಪೂರ ಮಾಡಬೇಕು. ಸಪೂರ ಪಾತ್ರ್ಯಾಗ ಕಣ ಎಷ್ಟ ಗುಂಪಾದ್ರೂ ಕಲ್ಲು ಬದಿಯಿಂದ ಹೊರಗ ಹೋಗಿಬಿಡ್ತಾವ."

ಇಷ್ಟು ಕೇಳಿ ನನಗೆ ಒಂದೇ ಒಂದು ಅರ್ಥವಾಯಿತು: ನಮ್ಮ ಕೋಣೆಯಲ್ಲಿ ಆ ಧಾತು ಇಲ್ಲ. ಬಯಲಾಟದಲ್ಲಿ ನಮ್ಮ ಓಣಿಯ ದರ್ಜಿ ಗಡ್ಡ ಕಟ್ಟಿಕೊಂಡು ರಾಕ್ಷಸನಾಗುವಂತೆ, ಇಲ್ಲಿ ಬಿಳಿ ಕಲ್ಲಿನ ಪುಡಿ ಅದರ ವೇಷ ಹಾಕಿತ್ತು. ಮುಂಬಯಿಯಲ್ಲಿ ಆ ಧಾತುವಿನ ಪುಡಿಯನ್ನು ನೀರಿನಲ್ಲಿ ಕಲಕುವ ತೊಟ್ಟಿಯೊಂದನ್ನು ಕಟ್ಟುವವರಿದ್ದರು. ಕಲಕುವ ಯಂತ್ರ ನಿಂತುಹೋದರೆ ಅಡಿಯಲ್ಲಿ ಎಷ್ಟು ಬೇಗ, ಎಷ್ಟು ಗಟ್ಟಿಯಾಗುತ್ತದೆ ಎಂದು ಅಳೆದು, ತೊಟ್ಟಿ ಎಷ್ಟು ಅಗಲವಿರಬಹುದು ಎಂದು ಹೇಳುವುದು ರಾಯರ ಪಾಲಿನ ಕೆಲಸ. ಅವರು ಕಾಯಿಲೆ ಬಿದ್ದ ಮೇಲೆ ಅಲ್ಲಿ ಕೆಲವರು, ಈ ಕೆಲಸ ಬೇರೆಯವರಿಗೆ ಕೊಡೋಣ, ಇವರಿಗೆ ಜ್ವರ ತಲೆಗೇರಿದೆ ಎನ್ನುತ್ತಿದ್ದರಂತೆ. ಇದನ್ನು ತಿಳಿಸಿ ಅವರ ಮೇಲಧಿಕಾರಿ ಸಾಹೇಬರ ಪತ್ರ ಬಂದಿತ್ತು. ಅದನ್ನು ರಾಯರು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ದಿನಕ್ಕೆ ಮೂರು ಸಲ ತೆಗೆದು ಓದಿ ಮತ್ತೆ ಇಡುತ್ತಿದ್ದರು.

ಆ ಕೋಣೆಯ ಒಡತಿ ಗಂಗವ್ವ. ನೇಕಾರರ ಮನೆಯ ಹೆಣ್ಣುಮಗಳು. ಗಂಡ ಹೋದ ಮೇಲೆ ಬಣ್ಣದ ಕೆಲಸ ಬಿಟ್ಟು, ಪಕ್ಕದ ಪಡಸಾಲೆಯಲ್ಲಿ ಒಂದು ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಿದ್ದಳು. ಹಾಸಿನ ನೂಲಿಗೆ ಹಚ್ಚುವ ಗಂಜಿಯ ಗಡಿಗೆ ಸದಾ ಅವಳ ಮಗ್ಗುಲಲ್ಲೇ. ನಮ್ಮ ಜಾಡಿಗಳನ್ನು ಎರಡು ದಿನ ನೋಡಿ ಬಾಗಿಲಿಗೆ ಬಂದು ನಿಂತಳು.

"ರಾಯರ, ಕಲಕಿದ್ದು ಬಿಟ್ರ ಕೆಳಗ ಗಟ್ಟಿ, ಮ್ಯಾಲ ನೀರು. ಇದು ನನ್ನ ಗಂಜಿ ಗಡಿಗ್ಗೂ ಗೊತ್ತೈತಿ. ಇಷ್ಟಕ್ಕ ಮುಂಬೈಯಾಗ ಕಚೇರಿ ಕಟ್ಯಾರೇನ್ರಿ?"

"ಎಷ್ಟ ಹೊತ್ತಿಗೆ, ಎಷ್ಟ ಗಟ್ಟಿ ಗಂಗವ್ವ?"

"ನಾ ಎರಡು ಸಲ ಎಲಿ ಅಡಿಕಿ ಹಾಕ್ಕೊಳ್ಳೂದ್ರಾಗ ಚಮಚ ನಿಂತಬಿಡ್ತೈತ್ರಿ."

ರಾಯರು ಅದನ್ನೂ ಬರೆದುಕೊಂಡರು. ಖರೇ ಹೇಳುತ್ತೇನೆ, ಬರೆದುಕೊಂಡರು.

ಇನ್ನು ನನ್ನ ತಪ್ಪುಗಳು. ಅವುಗಳಲ್ಲಿ ಮೊದಲನೆಯದು ನನ್ನ ಬಾಯಿ. ಸೇರಿದ ನಾಲ್ಕನೇ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು, ನಮ್ಮ ಕೋಣೆಯಲ್ಲಿ ಒಂದು ಚಮಚ ಪುಡಿ ಇದೆ, ಅದು ಕೈಜಾರಿದರೆ ರೋಣ ಮತ್ತು ನರಗುಂದ ಎರಡೂ ಇರುವುದಿಲ್ಲ, ಗಜೇಂದ್ರಗಡ ಗುಡ್ಡದ ಮರೆಯಲ್ಲಿರುವುದರಿಂದ ಅರ್ಧ ಉಳಿಯಬಹುದು ಎಂದು ಹೇಳಿದೆ. ಹೇಳಿದ್ದು ಇಬ್ಬರಿಗೆ. ಮರುದಿನ ಇಟಗಿ ಭೀಮಾಂಬಿಕೆಯ ದರ್ಶನಕ್ಕೆ ಹೊರಟ ಒಂದು ಬಸ್ಸಿನ ತುಂಬ ಹೆಂಗಸರು ಚಹಾಕ್ಕೂ ಕೆಳಗಿಳಿಯಲಿಲ್ಲ. ಮೂರನೇ ದಿನ ಗಂಗವ್ವನ ಸೀರೆ ನೋಡಲು ಬರಬೇಕಾದವರು ಬರಲಿಲ್ಲ. ಕೊನೆಗೆ ರಾಯರು ನನ್ನ ಕಿವಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋದರು. ಎಲ್ಲರೆದುರು ಪುಡಿಯ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ನಾಲಿಗೆಯ ಮೇಲೆ ಹಾಕಿಕೊಂಡರು.

"ದೊಡ್ಡ ದವಾಖಾನ್ಯಾಗ ಹೊಟ್ಟಿ ಫೋಟೋ ತೆಗಿಯೂ ಮುಂದ ಇಂಥಾದ್ದ ಒಂದು ಪುಡಿ ಕಲಸಿ ಕುಡಸ್ತಾರ," ಎಂದರು. "ಈ ಊರಾಗ ಸಿಡಿಯೂದು ಒಂದ ಒಂದು ಅದ. ಇವನ ಬಾಯಿ."

ಜನ ನಕ್ಕರು. ಒಬ್ಬ ಮುದುಕ ಮಾತ್ರ ಹತ್ತಿರ ಬಂದು, ಹೊಟ್ಟೆನೋವಿಗೆ ತನಗೂ ಒಂದು ಚಿಟಿಕೆ ಕೊಡಬೇಕೆಂದು ಹಟ ಹಿಡಿದ.

ಎರಡನೆಯದು ಮಗ್ಗದ ತಪ್ಪು. ಜಾಡಿಯೊಳಗೆ ಒಂದು ಹುಟ್ಟು, ಮೇಲೆ ಒಂದು ಹಿಡಿಕೆ. ಅದನ್ನು ಒಂದೇ ಲಯದಲ್ಲಿ ತಿರುಗಿಸಬೇಕು. ಗಡಿಯಾರ ರಾಯರ ಕೈಯಲ್ಲಿತ್ತು. ನನಗೆ ಗಂಗವ್ವನ ಮಗ್ಗದ ಸದ್ದಿತ್ತು. ಟಕ್ ಎಂದರೆ ಒಂದು ಸುತ್ತು, ಟಕ್ ಎಂದರೆ ಇನ್ನೊಂದು. ಕೈ ತಾನೇ ತಿರುಗುತ್ತಿತ್ತು, ಕಣ್ಣು ತಾನೇ ಮುಚ್ಚುತ್ತಿತ್ತು. ಅಳತೆಗಳು ಹುಚ್ಚುಹುಚ್ಚಾಗಿ ಬರತೊಡಗಿದಾಗ ರಾಯರು ಬಾಗಿಲ ಮರೆಯಲ್ಲಿ ನಿಂತು ನನ್ನನ್ನು ನೋಡಿದರು.

"ಬಸ್ಯಾ! ಯಾಕ ನಿಲ್ಲಿಸಿದಿ?"

"ಎಳಿ ಕಡೀತ್ರಿ."

"ಯಾವ ಎಳಿ? ಯಾರದು ಎಳಿ?"

"ಗಂಗವ್ವಂದ್ರಿ. ಆಕಿ ಎಳಿ ಕಟ್ಟಾಕತ್ಯಾಳ. ಕಟ್ಟಿದ ಕೂಡಲೆ ಶುರು ಮಾಡ್ತೀನ್ರಿ."

ಭಾರತದ ಅಣುಶಕ್ತಿ ಹನ್ನೆರಡು ದಿನ ಗಂಗವ್ವನ ನೂಲಿನ ಮೇಲೆ ನಿಂತಿತ್ತು ಎಂದು ತಿಳಿದು ರಾಯರು ಹಣೆ ಒತ್ತಿಕೊಂಡು ಕುಳಿತರು. ಆಮೇಲೆ ವಿಧಾನ ಬದಲಾಯಿತು. ಗಡಿಯಾರ ನನ್ನ ಮುಂದೆ ಬಂತು, ಹನ್ನೆರಡು ದಿನದ ಹಾಳೆಗಳು ಒಲೆಗೆ ಹೋದವು, ಜಾಡಿಗಳ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು.

ಈಗ ನಿಜವಾದ ಕಥೆ.

ಕೆಲಸದ ಕ್ರಮ ಸುಲಭ. ಒಂದು ಹಿತ್ತಾಳೆಯ ಸೇರು, ತುಂಬಿ ತಲೆ ಸವರಿದರೆ ಅದರಲ್ಲಿ ಎಷ್ಟು ಗ್ರಾಂ ಪುಡಿ ಹಿಡಿಯುತ್ತದೆ ಎಂದು ರಾಯರು ಮೊದಲೇ ತೂಗಿಟ್ಟಿದ್ದರು. ಒಂದು ಜಾಡಿಗೆ ಒಂದು ಸೇರು. ಐದೂ ಜಾಡಿಗೆ ಸಾಲಾಗಿ ಹಾಕಿ, ಕಲಕಿ, ಬಿಟ್ಟು, ಗಡಿಯಾರ ನೋಡಿ ಒಂದೊಂದು ತೋಟಿಯಿಂದ ಚೂರು ಚೂರು ನೀರು ಹಿಡಿದು, ಒಣಗಿಸಿ, ಉಳಿದ ಪುಡಿಯನ್ನು ಸಣ್ಣ ತಕ್ಕಡಿಯಲ್ಲಿ ತೂಗುವುದು. ಐದು ಜಾಡಿಯ ಒಂದು ಸಾಲು ಮುಗಿಯಲು ನಾಲ್ಕು ದಿನ ಬೇಕು. ಎರಡು ಸಾಲು ಮುಗಿದಾಗ ರಾಯರು ಪುಸ್ತಕದ ಮೇಲೆ ಬಾಗಿ, "ಇದೇನಿದು?" ಎಂದರು.

ನಾಲ್ಕು ಜಾಡಿಗಳು ಅಣ್ಣತಮ್ಮಂದಿರಂತೆ ಒಂದೇ ಥರ. ಐದನೆಯದರ ಅಡಿಯಲ್ಲಿ ಮಾತ್ರ ಹೆಚ್ಚು ಗಟ್ಟಿ. ಹತ್ತನೆಯದೂ ಹಾಗೆಯೇ.

ಗಾಜಿನ ದೋಷವಿರಬಹುದೆಂದು ಜಾಡಿಗಳನ್ನು ಅದಲುಬದಲು ಮಾಡಿದರು. ಹದಿನೈದನೆಯದೂ ಗಟ್ಟಿ. ಬಿಸಿಲು ತಾಗುತ್ತಿದೆಯೆಂದು ಕಿಟಕಿಗೆ ಗೋಣಿ ಕಟ್ಟಿದರು. ಗೋಣಿ ಕಟ್ಟಿದ್ದಕ್ಕೆ ನಮಗೇ ಕಾಣದಾಯಿತು, ಇಪ್ಪತ್ತನೆಯದು ಮಾತ್ರ ಬದಲಾಗಲಿಲ್ಲ. ಆಮೇಲೆ ನೀರಿನ ಮೇಲೆ ಅನುಮಾನ. ರೋಣದ ಬಾವಿಯ ನೀರು, ನರಗುಂದದ ಕೆರೆಯ ನೀರು, ನಮ್ಮ ಗುಡ್ಡದ ಮೇಲಿನ ಕೋಟೆಯ ಹೊಂಡದ ನೀರು, ಮೂರನ್ನೂ ತಾ ಎಂದರು. ನಾನು ಎರಡು ತುಂಬಿದ ಕೊಡ ಮಡಿಲಲ್ಲಿಟ್ಟುಕೊಂಡು ನರಗುಂದದಿಂದ ಬಸ್ಸಿನಲ್ಲಿ ಬಂದೆ. ಪ್ರತಿ ತಗ್ಗಿಗೆ ಅಕ್ಕಪಕ್ಕದವರಿಗೆ ಅಭಿಷೇಕ.

"ಏನೋ ತಮ್ಮಾ ಅದು?" ಕಂಡಕ್ಟರ್ ಕೇಳಿದ.

"ನೀರ್ರಿ."

"ನಿಮ್ಮೂರಾಗ ನೀರಿಲ್ಲೇನು?"

"ಐತ್ರಿ. ಆದ್ರ ಅದರ ಮ್ಯಾಲ ಸಂಶೆ ಐತ್ರಿ."

ಇಪ್ಪತ್ತೈದನೇ ಜಾಡಿಯ ದಿನ ಬಂತು. ರಾಯರು ಹೊರಗೆ ಅಂಗಳದಲ್ಲಿ ಪತ್ರ ಬರೆಯುತ್ತ ಕುಳಿತಿದ್ದರು. ನಾನು ಒಂದೊಂದೇ ಜಾಡಿಗೆ ಸೇರು ಸುರಿದೆ. ಐದನೆಯದಕ್ಕೆ ಸುರಿದು, ಸೇರು ಕೆಳಗಿಟ್ಟೆ. ಆಗ ನನ್ನ ಬಲಗೈ ನನ್ನನ್ನು ಕೇಳದೆ ಚೀಲಕ್ಕೆ ಹೋಯಿತು. ಒಂದು ಹಿಡಿ ಪುಡಿ ತೆಗೆದು ಐದನೇ ಜಾಡಿಗೆ ಹಾಕಿ, ಜಾಡಿಯ ಬಾಯಿಗೆ ಎರಡು ಸಲ ತಟ್ಟಿತು.

ನಾನು ಆ ಕೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದೆ.

ಕೊಸರು! ಐದು ಸೇರಿಗೆ ಒಂದು ಹಿಡಿ ಕೊಸರು, ಅಳತೆಯ ಮೇಲೆ ಪುಕ್ಕಟೆ. ನಮ್ಮ ಪೇಟೆಯಲ್ಲಿ ಕೊಸರು ಹಾಕದೆ ಅಳೆದರೆ ಗಿರಾಕಿ ಚೀಲ ಎತ್ತುವುದಿಲ್ಲ. ಏಳು ವರ್ಷದವನಿದ್ದಾಗಿಂದ ಅಪ್ಪನ ಮಗ್ಗುಲಲ್ಲಿ ಕೂತು ಹಾಕಿದ್ದೇನೆ. ಉಸಿರಾಡಿದ್ದು ಯಾರಾದರೂ ಎಣಿಸುತ್ತಾರೆಯೇ?

ಹೇಳಿಬಿಡೋಣವೆಂದು ಅಂಗಳಕ್ಕೆ ಓಡಿದೆ. ರಾಯರ ಮುಖದಲ್ಲಿ ಮೊದಲ ಸಲ ಹಳದಿ ಬಿಟ್ಟು ಬೇರೆ ಬಣ್ಣವಿತ್ತು.

"ಬಾರೋ ಬಸ್ಯಾ. ಇದು ಗಾಜಿಂದಲ್ಲ, ಬಿಸಲಿಂದಲ್ಲ, ನೀರಂದೂ ಅಲ್ಲ ಅನಸ್ತದ. ಇದು ಹೊಸಾದು. ಸಾಲಿನಾಗ ಇಟ್ಟ ಜಾಡಿ ಒಂದರ ಮ್ಯಾಲೊಂದು ಏನೋ ಪರಿಣಾಮ ಮಾಡ್ತಾವ. ಸಾಹೇಬ್ರಿಗೆ ಬರದೀನಿ. ಬಂದು ನೋಡ್ರಿ ಅಂತ ಹೇಳೀನಿ. ನಿನ್ನ ಹೆಸರೂ ಬರದೀನಿ ನೋಡು, ಅಳತಿಯೊಳಗ ಎಳ್ಳಷ್ಟೂ ತಪ್ಪದ ಹುಡುಗ ಅಂತ. ಮುಂಬೈಗೆ ಹೋಗೂ ಮುಂದ ನಿನ್ನ ಕರಕೊಂಡ ಹೋಗಾಂವ."

ಮುಂಬಯಿ! ಕೊಸರಿನ ಮಾತು ನುಂಗಿಕೊಂಡೆ. ಸಂಜೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿ ಹದಿನಾಲ್ಕು ಜನರಿಗೆ, ನಾನು ಸಮುದ್ರದ ದಂಡೆಯ ಬಂಗಲೆಯಲ್ಲಿ ಇರುವವನು ಎಂದು ಹೇಳಿಯಾಗಿತ್ತು.

ಆ ಹೊತ್ತಿಗೆ ನನಗೆ ಬಂದ ಬುದ್ಧಿವಂತಿಕೆ ಕೇಳಿ. ಇನ್ನು ಮುಂದೆ ಕೊಸರು ಹಾಕುವುದನ್ನು ನಿಲ್ಲಿಸಿಬಿಟ್ಟರೆ ಎಲ್ಲ ತಾನೇ ಸರಿಹೋಗುತ್ತದೆ ಎಂದುಕೊಂಡೆ. ಐದನೇ ಜಾಡಿಗೆ ಸುರಿಯುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡೆ. ಮೂವತ್ತನೇ ಜಾಡಿ ಅಣ್ಣತಮ್ಮಂದಿರ ಜೊತೆ ಸೇರಿಕೊಂಡಿತು. ಮೂವತ್ತೈದನೆಯದೂ ಹಾಗೆಯೇ.

ರಾಯರು ಊಟ ಬಿಟ್ಟರು. ಸಾಹೇಬರು ಬರುವ ದಿನದ ತಂತಿ ಬಂದಿತ್ತು. ಹೊಸ ಪರಿಣಾಮ ಮಾತ್ರ ಹೇಳದೆ ಕೇಳದೆ ಹೊರಟುಹೋಗಿತ್ತು.

"ಇಪ್ಪತ್ತೈದರ ತನಕ ಇತ್ತಲ್ಲೋ," ಎಂದರು ನನ್ನ ಕಡೆ ತಿರುಗಿ. ನನ್ನನ್ನು ಕೇಳುತ್ತಿದ್ದರೋ ಜಾಡಿಯನ್ನೋ ತಿಳಿಯಲಿಲ್ಲ. "ನಾ ನೋಡೀನಿ. ಬರದೀನಿ. ಅವ್ರು ಅಂದಿದ್ದು ಖರೇ ಏನು ಹಂಗಾರ? ಜ್ವರ ನನ್ನ ತಲಿಗೇ ಏರೇದ ಏನು?"

"ಇಲ್ರಿ ರಾಯರ," ಎಂದೆ.

"ನನ್ನ ತಲಿ ಕೆಟ್ಟಿದ್ರ ಕೆಡ್ಲಿ. ಆದ್ರ ಈ ಅಂಕಿ ನೋಡಿ ತೊಟ್ಟಿ ಕಟ್ತಾರ. ಅದರ ಮಗ್ಗಲಕ ಯಾರೋ ಒಬ್ಬ ದಿನಾ ನಿಲ್ತಾನ. ನಿನ್ನಂಥವನ ಯಾರೋ."

ಗಂಗವ್ವ ಗಂಜಿ ಕಲಕುತ್ತ ಎಲ್ಲ ನೋಡಿದ್ದಳು. ರಾಯರು ಒಳಗೆ ಹೋದ ಮೇಲೆ ನನ್ನನ್ನು ಕರೆದಳು. "ಏ ಸಮುದ್ರದ ಸಾಹೇಬ, ಎರಡು ಸಲ ನೋಡೀನಿ, ಕೈಗೆ ಕೈ ಹಿಡಕೊಂಡು ಪುಡಿ ಹಾಕ್ತಿ. ಏನ ಮಾಡೀಯೋ?"

ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ಕೈಯಲ್ಲಿನ ಹುಟ್ಟು ನಿಂತಿತು.

"ಹೋಗಿ ಹೇಳು."

"ಮುಂಬೈ ಹೋಗ್ತೈತಿ ಅತ್ತಿ."

"ಅಂವಂದು ತಲಿ ಹೋಗಾಕತ್ತೈತಿ, ನಿಂದು ಮುಂಬೈ ಹೋದ್ರ ಏನಾತು? ಹೇಳು ಅಂದೆ."

ನಾಳೆ ಹೇಳುತ್ತೇನೆಂದೆ. ನಾಳೆ ಎಂಬುದು ಎಷ್ಟು ಬೇಗ ಬರುತ್ತದೆ ಎಂದರೆ, ಸಾಹೇಬರ ಕಾರು ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡು ನಲವತ್ತು ಜನ ಅದನ್ನು ಎತ್ತಿ ತಿರುಗಿಸುತ್ತಿದ್ದಾಗಲೂ ನಾನು ಇನ್ನೂ ಹೇಳಿರಲಿಲ್ಲ.

ಸಾಹೇಬರು ಮೂಲತಃ ಧಾರವಾಡದ ಕಡೆಯವರು. ಗುಂಡು ಮುಖ, ದಪ್ಪ ಕನ್ನಡಕ, ಮಾತು ಕಮ್ಮಿ. ಬಂದವರೇ ಪುಸ್ತಕ ತೆರೆದು ಒಂದು ಗಂಟೆ ಓದಿದರು. ರಾಯರು ಕಂಬಕ್ಕೆ ಒರಗಿ ನಿಂತಿದ್ದರು. ಅವರ ಕೈಯಲ್ಲಿದ್ದ ಆ ಮಡಚಿದ ಪತ್ರ ಬೆವರಿನಿಂದ ಮೆತ್ತಗಾಗಿತ್ತು.

"ವಿಠ್ಠಲರಾವ್, ಐದನೇದು ನನ್ನ ಎದುರಿಗೆ ಮಾಡಿ ತೋರಸ್ರಿ," ಎಂದರು ಸಾಹೇಬರು. "ಆದ್ರ ಆತು. ಆಗದಿದ್ರ ನೀವು ಇನ್ನೂ ವಿಶ್ರಾಂತಿ ತಗೋಬೇಕು. ಉದ್ದನ ವಿಶ್ರಾಂತಿ."

ರಾಯರು ಮೊದಲ ದಿನವೇ ಕೊಟ್ಟಿದ್ದ ಏಪ್ರನ್ ಕಟ್ಟಿಕೊಂಡು ನಾನು ಸೇರು ಹಿಡಿದೆ. ಒಂದು. ಎರಡು. ಮೂರು. ಪ್ರತಿ ಸೇರಿನ ತಲೆ ಸವರಿದಾಗಲೂ ತಲೆಯೊಳಗೆ ಲೆಕ್ಕ. ಕೊಸರು ಹಾಕಿದರೆ ರಾಯರು ಗೆಲ್ಲುತ್ತಾರೆ, ನಾನು ಮುಂಬಯಿಗೆ ಹೋಗುತ್ತೇನೆ, ಒಂದು ಸುಳ್ಳು ತೊಟ್ಟಿಯ ನಕ್ಷೆಗೆ ಹೋಗುತ್ತದೆ. ಹಾಕದಿದ್ದರೆ ರಾಯರಿಗೆ ತಲೆ ಕೆಟ್ಟಿದೆ ಎಂದು ಇವತ್ತೇ ತೀರ್ಮಾನ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಕಲಕಿದರೂ ಕೆಟ್ಟದ್ದು, ಬಿಟ್ಟರೂ ಕೆಟ್ಟದ್ದು. ನಾಲ್ಕು. ಗಂಗವ್ವನ ಮಗ್ಗ ನಿಂತಿತ್ತು. ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಐದನೇ ಸೇರು ತುಂಬಿದೆ, ಸವರಿದೆ, ಸುರಿದೆ. ಖಾಲಿ ಸೇರು ಹಿಡಿದುಕೊಂಡೇ ನಿಂತೆ. ಬಲಗೈ ಚೀಲದ ಕಡೆ ಎಳೆಯುತ್ತಿತ್ತು, ಎಡಗೈ ಹಿಂದಕ್ಕೆ ಎಳೆಯುತ್ತಿತ್ತು. ನನ್ನ ಬಾಯಿ ತೆರೆಯಿತು ಎಂದೇ ನನಗೆ ಈಗಲೂ ಅನ್ನಿಸುತ್ತದೆ; ಮಾತು ಬರುವ ಮೊದಲೇ ಗಂಗವ್ವನನ್ನು ಸರಿಸಿಕೊಂಡು ಅಪ್ಪ ಒಳಗೆ ಬಂದರು.

ಮುಂಬಯಿ ಸಾಹೇಬರು ಬಂದಿದ್ದಾರೆ, ಮಗ ಅವರೆದುರು ಅಳೆಯುತ್ತಾನೆ ಎಂದು ಕೇಳಿ, ಹೊಸ ರುಮಾಲು ಸುತ್ತಿಕೊಂಡು ನೋಡಲು ಬಂದಿದ್ದರು. ಕೈಮುಗಿಯಲು ಎತ್ತಿದ ಕೈ ಅರ್ಧಕ್ಕೆ ನಿಂತಿತು. ಅವರು ನೋಡಿದ್ದು ಸಾಹೇಬರನ್ನಲ್ಲ, ಖಾಲಿ ಸೇರು ಹಿಡಿದು ಕಲ್ಲಿನಂತೆ ನಿಂತ ಮಗನನ್ನು.

"ಏ! ಐದಾದ್ವು. ಕೊಸರೆಲ್ಲೈತಿ?"

ಕೊಸರು ಎಂಬ ಮಾತಿಗೆ ರಾಯರು ತಲೆ ಎತ್ತಿದರು.

"ಪರಊರಿನ ದೊಡ್ಡ ಮನಿಷ್ಯಾರ ಮುಂದ ನಮ್ಮ ಅಂಗಡಿ ಮರ್ಯಾದಿ ಕಳಿತಿಯೇನಲೇ? ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬ್ರ, ನಮ್ಮ ಹುಡುಗ ಹಿಂಗ ಮಾಡಾಂವ ಅಲ್ರಿ." ಎಂದವರೇ ಚೀಲಕ್ಕೆ ಕೈ ಹಾಕಿ, ನನ್ನದಕ್ಕಿಂತ ಒಂದೂವರೆ ಪಟ್ಟು ದೊಡ್ಡ ಹಿಡಿ ತೆಗೆದು ಐದನೇ ಜಾಡಿಗೆ ಹಾಕಿ, ಬಾಯಿಗೆ ಎರಡು ಸಲ ತಟ್ಟಿದರು.

ಸಾಹೇಬರು ಕನ್ನಡಕ ತೆಗೆದರು. "ಯಜಮಾನ್ರ, ಇದು ದಿನಾ ಹಾಕ್ತೀರೇನು?"

"ಐದಕ್ಕೊಂದು ಹಿಡಿರಿ. ನಮ್ಮ ಮುತ್ಯಾನ ಕಾಲದಿಂದ."

ರಾಯರು ಪುಸ್ತಕ ಎಳೆದುಕೊಂಡರು. ಬೆರಳು ಹಾಳೆಯ ಮೇಲೆ ಇಳಿಯಿತು. ಐದು. ಹತ್ತು. ಹದಿನೈದು. ಇಪ್ಪತ್ತು. ಇಪ್ಪತ್ತೈದು. ಕಂಬ ಬಿಟ್ಟು ನೆಲದ ಮೇಲೆ ಕುಳಿತುಕೊಂಡರು. ಅಳುತ್ತಾರೋ ಎಂದು ನೋಡಿದೆ. ಉಸಿರು ಬಿಡುತ್ತಿದ್ದರು ಅಷ್ಟೇ, ಬಹಳ ಹೊತ್ತು.

"ನಿಮ್ಮ ತಲಿ ಸರಿ ಅದ, ವಿಠ್ಠಲರಾವ್," ಎಂದರು ಸಾಹೇಬರು. ಅವರ ಹೊಟ್ಟೆ ಅಲುಗತೊಡಗಿತ್ತು. ನಗು ಮೇಲೆ ಬರಲು ದಾರಿ ಹುಡುಕುತ್ತಿತ್ತು. "ಉಳಿದ ನಾಕೂ ಜಾಡಿ ಅಂಕಿ ಒಂದಕ್ಕೊಂದು ಹೊಂದ್ತಾವ. ಅವು ತಗೋರಿ. ಮತ್ತ ಇದನ್ನ ಮರೀಬ್ಯಾಡ್ರಿ. ನಮ್ಮ ತೊಟ್ಟಿಗೆ ಪುಡಿ ಹಾಕಾಂವನೂ ಯಾರದೋ ಮಗನ. ಅವನ ಅಪ್ಪ ಅವಂಗ ಏನು ಕಲಿಸ್ಯಾನೋ ನಮಗ ಗೊತ್ತಾಗೂದಿಲ್ಲ. ಒಂದರ ಬದಲಿ ಎರಡು ಸೇರೂ ಬಿದ್ದೀತು. ಬಿದ್ರೂ ಏನೂ ಆಗಬಾರದು, ಅಷ್ಟ ಸಪೂರ ಮಾಡ್ರಿ ತೊಟ್ಟಿ."

ಅಪ್ಪನಿಗೆ ಏನೂ ತಿಳಿಯಲಿಲ್ಲ. ಆದರೂ ತಾವು ಕಲಿಸಿದ್ದಕ್ಕೆ ಮುಂಬಯಿಯಲ್ಲಿ ಮನ್ನಣೆ ಸಿಕ್ಕಿತೆಂದು ರುಮಾಲು ಸರಿಮಾಡಿಕೊಂಡರು. ನಾನೂ ನಗಲು ಶುರುಮಾಡಿದೆ. ಎಲ್ಲ ಮುಗಿಯಿತು, ಯಾರ ತಲೆಯೂ ಕೆಡಲಿಲ್ಲ, ಮುಂಬಯಿ ಇನ್ನೂ ಇದೆ.

ರಾಯರ ಬೆರಳು ಪುಸ್ತಕದ ಮೇಲೆ ಇನ್ನೂ ಇತ್ತು.

"ಬಸ್ಯಾ. ಇಪ್ಪತ್ತೈದರ ತನಕ ಕೊಸರು ಅದ. ಮೂವತ್ತಕ್ಕ ಇಲ್ಲ. ಮೂವತ್ತೈದಕ್ಕ ಇಲ್ಲ. ಯಾಕಿಲ್ಲ?"

ಸುಳ್ಳು ಹೇಳಲು ನನಗೆ ಎಂದೂ ತಡವಾಗುವುದಿಲ್ಲ. ಆ ಕ್ಷಣಕ್ಕೆ ಆರು ಸುಳ್ಳು ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು, ಎಲ್ಲವೂ ಚಂದದವು. ಆದರೆ ರಾಯರು ನನ್ನನ್ನು ಬೈಯುವವರಂತೆ ನೋಡುತ್ತಿರಲಿಲ್ಲ. ತಿಳಿದುಕೊಳ್ಳಬೇಕಾದವರಂತೆ ನೋಡುತ್ತಿದ್ದರು.

"ಇಪ್ಪತ್ತೈದಕ್ಕ ಗೊತ್ತಾತ್ರಿ," ಎಂದೆ. "ಆಮ್ಯಾಲೆ ಹಾಕಲಿಲ್ರಿ. ಹೇಳಲೂ ಇಲ್ರಿ."

"ಎರಡು ಪೂರಾ ಸಾಲು. ಎಂಟು ದಿವಸ," ಎಂದರು ರಾಯರು ಮೆಲ್ಲಗೆ.

ಅಪ್ಪನಿಗೆ ತೊಟ್ಟಿ ತಿಳಿದಿರಲಿಲ್ಲ, ಧಾತು ತಿಳಿದಿರಲಿಲ್ಲ. ಇದು ತಿಳಿಯಿತು. ಅವರ ಮುಖ ಬದಲಾಗುವುದನ್ನು ನಾನು ನೋಡಿದೆ.

"ಕೊಸರು ಗಿರಾಕಿ ಕಣ್ಣಮುಂದ ಹಾಕೂದಲೇ," ಎಂದರು. ದನಿ ಏರಿರಲಿಲ್ಲ. "ಅಂವಂಗ ಕಾಣಲಿ ಅಂತನ ಎರಡು ಸಲ ತಟ್ಟೂದು. ಹಾಕಿದ್ದು ಮುಚ್ಚಿಟ್ಟು, ಬಿಟ್ಟಿದ್ದೂ ಮುಚ್ಚಿಟ್ಟು, ಅವ್ರು ಊಟ ಬಿಟ್ಟು ಕುಂತದ್ದು ನೋಡ್ಕೋತ ಕುಂತೀ ಏನು?"

"ಇರಲಿ ಬಿಡ್ರಿ ಯಜಮಾನ್ರ, ಸಣ್ಣಂವ," ಎಂದರು ರಾಯರು.

"ಇಲ್ರಿ ರಾಯರ. ಅಳಿಯೂದು ಕಲಿಸೀನಿ ಅಂತ ನಾ ಹೇಳಿ ಕಳಿಸಿದ್ದೆ. ಅರ್ಧಾ ಕಲಿಸೀನಿ." ಅಪ್ಪ ನನ್ನ ಹಿಂದೆ ಬಂದು ಏಪ್ರನ್ನಿನ ಗಂಟು ಬಿಚ್ಚಿದರು. ಎರಡು ಸಲ ಝಾಡಿಸಿ, ಸೀರೆ ಮಡಚುವಂತೆ ಅಂಚಿಗೆ ಅಂಚು ಕೂಡಿಸಿ ಮಡಚಿ, ನೆಲದ ಮೇಲೆ ಕೂತಿದ್ದ ರಾಯರ ಕೈಗೆ ಬಾಗಿ ಕೊಟ್ಟರು.

"ನಡಿ," ಎಂದರು.